ಡಿಮೆನ್ಶಿಯಾ ಇರುವವರೂ ಕೂತು ನೋಡುವಂಥ ಆಟ: ನಾಟಕ, ಯಕ್ಷಗಾನ, ಕಛೇರಿ ಏರ್ಪಡಿಸುವವರಿಗೆ ಒಂದು ಮಾರ್ಗದರ್ಶಿ

ಅಪ್ಪಯ್ಯನಿಗೆ ಮರೆವು ಶುರುವಾಗಿ ಮೂರನೆಯ ವರ್ಷ. ಮನೆಯಲ್ಲೇ ಕೂತು ಬೇಸರ ಬಂದಿರಬೇಕು ಎಂದುಕೊಂಡು, ಹತ್ತಿರದ ಪೇಟೆಗೆ ಬಂದಿದ್ದ ಒಂದು ನಾಟಕಕ್ಕೆ ಕರೆದುಕೊಂಡು ಹೋಗಿದ್ದೆ. ದೀಪ ಆರಿದ ಕೂಡಲೇ ನನ್ನ ಕೈ ಹಿಡಿದುಕೊಂಡು "ಕರೆಂಟು ಹೋಯ್ತಾ?" ಅಂದರು. ಇಲ್ಲ ಅಂದೆ. ಎರಡು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ, ಈ ಸಲ ಸ್ವಲ್ಪ ಗಟ್ಟಿಯಾಗಿ. ಹಿಂದಿನ ಸಾಲಿನವರು "ಶ್" ಅಂದರು. ರಂಗದ ಮೇಲೆ ಹಾಡು ಎದ್ದಾಗ ಅಪ್ಪಯ್ಯ ಕುರ್ಚಿಯ ಕೈಗೆ ಬೆರಳಿನಿಂದ ತಾಳ ಹಾಕತೊಡಗಿದರು. ಆಗ ಸಂಘಟಕರಲ್ಲಿ ಒಬ್ಬರು ಬಗ್ಗಿ ಬಂದು ನನ್ನ ಕಿವಿಯಲ್ಲಿ ಹೇಳಿದರು: "ಬೇರೆಯವರಿಗೆ ತೊಂದರೆ ಆಗ್ತಿದೆ, ಸ್ವಲ್ಪ ಹೊರಗೆ ಕರ್ಕೊಂಡು ಹೋಗಿ." ಹೋದೆವು. ಕತ್ತಲಲ್ಲಿ ಮೆಟ್ಟಿಲು ಕಾಣದೆ ಅವರು ತಡವರಿಸಿದರು. ಹೊರಗೆ ಬಂದ ಮೇಲೆ "ನಾನೇನು ತಪ್ಪು ಮಾಡಿದೆ?" ಎಂದು ಕೇಳಿದರು.

ಅವರ ತಾಳ ಒಂದು ಕಡೆಯೂ ತಪ್ಪಿರಲಿಲ್ಲ.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹವ್ಯಾಸಿ ತಂಡದವರ ಮುಂದೆ ಹೇಳಿಕೊಂಡೆ. ಅಲ್ಲಿಂದ ಶುರುವಾಗಿ, ಮರೆವಿನ ಕಾಯಿಲೆ ಇರುವವರು ಮತ್ತು ಅವರ ಮನೆಯವರು ಅಂಜಿಕೆಯಿಲ್ಲದೆ ಬಂದು ಕೂರುವಂಥ ಆಟಗಳನ್ನು ಮಾಡುತ್ತಾ ಬಂದಿದ್ದೇವೆ. ಹೆಚ್ಚಾಗಿ ಯಕ್ಷಗಾನ, ಕೆಲವು ಸಲ ನಾಟಕ, ಒಮ್ಮೆ ದಾಸರ ಪದಗಳ ಕಛೇರಿ. ನಿಮ್ಮೂರಲ್ಲೂ ಮಾಡಬಹುದು. ದೊಡ್ಡ ದುಡ್ಡು ಬೇಡ, ತಯಾರಿಗೆ ಮೂರು ತಿಂಗಳು ಬೇಕು.

ಮೊದಲು ಕಾಯಿಲೆಯ ಬಗ್ಗೆ ಸ್ವಲ್ಪ

"ಅರವತ್ತಕ್ಕೆ ಅರಳು ಮರಳು" ಎಂಬ ಮಾತು ನಮ್ಮ ಬಾಯಲ್ಲಿ ಎಷ್ಟು ಕೂತುಬಿಟ್ಟಿದೆ ಎಂದರೆ ಡಿಮೆನ್ಶಿಯಾವನ್ನು ಕಾಯಿಲೆ ಎಂದೇ ಯಾರೂ ಎಣಿಸುವುದಿಲ್ಲ. ಇದು ವಯಸ್ಸಿನ ಜೊತೆ ಬರುವ ಸಾಧಾರಣ ಮರೆವಲ್ಲ. ಮಿದುಳನ್ನು ಹಾಳುಮಾಡುವ ಬೇರೆಬೇರೆ ಕಾಯಿಲೆಗಳಿಂದ ಹುಟ್ಟುವ ಸ್ಥಿತಿ. ಅದರಲ್ಲಿ ಹೆಚ್ಚಿನ ಪಾಲು, ನೂರಕ್ಕೆ 60ರಿಂದ 70, ಅಲ್ಝೈಮರ್ ಕಾಯಿಲೆಯದು. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ನಿಮ್ಮ ಸಭಾಭವನದ ಸುತ್ತಲಿನ ಹತ್ತಾರು ಮನೆಗಳಲ್ಲಿ ಇಂಥವರು ಇದ್ದೇ ಇದ್ದಾರೆ. ಆಟಕ್ಕೆ ಬರುವುದನ್ನು ಯಾವಾಗಲೋ ಬಿಟ್ಟಿದ್ದಾರೆ, ಅಷ್ಟೆ.

ಏರ್ಪಡಿಸುವವರು ತಿಳಿದಿರಬೇಕಾದ್ದು ಇಷ್ಟು. ಕಣ್ಣು ಸರಿಯಿದ್ದರೂ ಕಂಡದ್ದನ್ನು ಮಿದುಳು ಬೇರೆ ಥರ ಓದಬಹುದು: ಬಾಗಿಲ ಮುಂದಿನ ಕಪ್ಪು ಮ್ಯಾಟು ಗುಂಡಿಯಂತೆ ಕಾಣುತ್ತದೆ, ಮಿರುಗುವ ಗ್ರಾನೈಟ್ ನೆಲ ನೀರು ನಿಂತಂತೆ ಕಾಣುತ್ತದೆ, ದೊಡ್ಡ ಕನ್ನಡಿಯಲ್ಲಿ ಇನ್ಯಾರೋ ನಿಂತಿದ್ದಾರೆ ಅನ್ನಿಸುತ್ತದೆ. ಹಲವು ಸದ್ದು ಒಟ್ಟಿಗೆ ಬಂದರೆ ಬೇಕಾದದ್ದನ್ನು ಆರಿಸಿ ಕೇಳಲು ಆಗುವುದಿಲ್ಲ. ಸಂಜೆಯಾದಂತೆ ಬಹಳ ಜನರಿಗೆ ಚಡಪಡಿಕೆ ಹೆಚ್ಚುತ್ತದೆ. ಮನೆಯಲ್ಲೇ ಕೂತು "ಹೊತ್ತಾಯ್ತು, ಮನೆಗೆ ಹೋಗಾಣ" ಅನ್ನುತ್ತಾರೆ. ಆದರೆ ಲಯ, ರಾಗ, ಮೈಗೆ ಹತ್ತಿದ ಅಭ್ಯಾಸ, ಖುಷಿ, ದುಃಖ ಬಹಳ ಕಾಲ ಉಳಿಯುತ್ತವೆ. ನಮ್ಮ ಕೆಲಸಕ್ಕೆ ಬೇಕಾದ್ದು ಈ ಕೊನೆಯದು.

"ನೋಡಿದ್ದು ರಾತ್ರಿಯೊಳಗೆ ಮರೆತುಹೋಗುತ್ತದಲ್ಲ, ಯಾಕಿಷ್ಟು ಕಷ್ಟ?" ಎಂದು ನಮ್ಮನ್ನು ಕೇಳಿದವರಿದ್ದಾರೆ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಅಲ್ಝೈಮರ್ ಇರುವವರಿಗೆ ಖುಷಿಯ ಮತ್ತು ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿ ಪರೀಕ್ಷೆ ಮಾಡಿದರು. ಏನು ನೋಡಿದೆವು ಎನ್ನುವುದು ಅವರಿಗೆ ಬೇಗ ಮರೆತುಹೋಗಿತ್ತು, ಅದು ಎಬ್ಬಿಸಿದ ಭಾವ ಮಾತ್ರ ಉಳಿದಿತ್ತು. ಇದು ಎರಡೂ ಕಡೆ ಕೆಲಸ ಮಾಡುತ್ತದೆ. ಆಟದ ಖುಷಿ ಉಳಿಯುವ ಹಾಗೆಯೇ "ಹೊರಗೆ ಹೋಗಿ" ಅನ್ನಿಸಿಕೊಂಡ ಅವಮಾನವೂ, ಯಾಕೆಂದು ನೆನಪಿಲ್ಲದೆ, ಉಳಿಯುತ್ತದೆ.

ಬಯಲಾಟದ ಬುದ್ಧಿ

ಇಂಗ್ಲೆಂಡಿನ ಲೀಡ್ಸ್ ನಗರದ ವೆಸ್ಟ್ ಯಾರ್ಕ್‌ಷೈರ್ ಪ್ಲೇಹೌಸ್, ಈಗ ಅದರ ಹೆಸರು ಲೀಡ್ಸ್ ಪ್ಲೇಹೌಸ್, 2014ರಲ್ಲಿ ಡಿಮೆನ್ಶಿಯಾ ಇರುವವರಿಗಾಗಿ ಬೆಳಕು, ಸದ್ದು, ಕೂರುವ ವ್ಯವಸ್ಥೆ ಎಲ್ಲವನ್ನೂ ಹೊಂದಿಸಿ ಒಂದು ಸಂಗೀತ ನಾಟಕ ಆಡಿತು. ಆಮೇಲೆ ಬೇರೆ ರಂಗಮಂದಿರಗಳಿಗೂ ಉಪಯೋಗವಾಗಲೆಂದು ಕೈಪಿಡಿ ಹೊರತಂದಿತು. ಕಾಯಿಲೆ ಇರುವವರನ್ನೇ ಯೋಜನೆಯಲ್ಲಿ ಸೇರಿಸಿಕೊಂಡದ್ದು ಅವರ ಕೆಲಸದ ಜೀವಾಳ. ನಾವು ಅವರಿಂದ ಕಲಿತ ಮುಖ್ಯ ಪಾಠವೂ ಅದೇ.

ಉಳಿದ ಪಾಠಗಳು ನಮ್ಮ ಅಂಗಳದಲ್ಲೇ ಇದ್ದವು. ಬಯಲಾಟ ನೋಡಿ ಬೆಳೆದವರು ಸ್ವಲ್ಪ ನೆನಪು ಮಾಡಿಕೊಳ್ಳಿ. ಚಾಪೆ ತಂದು ಹಾಸಿಕೊಂಡವರು, ನಡುರಾತ್ರಿ ಮಲಗಿ ರಾಕ್ಷಸನ ಬಣ್ಣದ ವೇಷ ಬಂದಾಗ ಏಳುವವರು, ವೇಷ ಕಟ್ಟುವ ಚೌಕಿಗೆ ಹೋಗಿ ಇಣುಕಿ ಬರುವವರು, ಎದ್ದುಹೋಗಿ ಚಾ ಕುಡಿದು ಬರುವವರು, ಕವಳ ಹಾಕುತ್ತಾ ಪಕ್ಕದವರಿಗೆ ಕಥೆ ಹೇಳುವವರು. ಯಾರೂ ಯಾರಿಗೂ "ಶ್" ಅನ್ನುತ್ತಿರಲಿಲ್ಲ. ಕಂಪನಿ ನಾಟಕದಲ್ಲಿ ಜನ "ಒನ್ಸ್ ಮೋರ್" ಎಂದು ಕೂಗಿದರೆ ನಟ ಅದೇ ಹಾಡನ್ನು ಮತ್ತೆ ಹಾಡುತ್ತಿದ್ದ. ಯಕ್ಷಗಾನದಲ್ಲಿ ರಂಗಕ್ಕೆ ಬಂದ ವೇಷ ತಾನು ಯಾರು, ಯಾಕೆ ಬಂದೆ ಎಂಬುದನ್ನು ಹಾಡಿ ಆಟ ನಡೆಸುವ ಭಾಗವತರ ಜೊತೆಗಿನ ಮಾತಿನಲ್ಲೇ ಹೇಳಿಕೊಳ್ಳುತ್ತದೆ. ಬಯಲುಸೀಮೆಯ ಬಯಲಾಟಗಳಾದ ಮೂಡಲಪಾಯದಲ್ಲಿ, ದೊಡ್ಡಾಟದಲ್ಲಿ ಬಂದವರ ಹೆಸರು ಕೇಳಲೆಂದೇ ಸಾರಥಿ ಎಂಬ ಪಾತ್ರ ಇದೆ. ಇವರು ಯಾರು, ಇದು ಯಾವ ಜಾಗ, ಈಗ ಏನು ನಡೆಯುತ್ತಿದೆ: ಮರೆವಿನವರನ್ನು ದಿನವಿಡೀ ಕಾಡುವ ಪ್ರಶ್ನೆಗಳು ಇವು. ಇವಕ್ಕೆಲ್ಲ ಬಾಯಿಬಿಟ್ಟು ಉತ್ತರ ಹೇಳುವ ಕಲೆಗಳು ನಮ್ಮವು.

ಕತ್ತಲು ಮಾಡಿ, ಬಾಗಿಲು ಮುಚ್ಚಿ, ಉಸಿರು ಬಿಗಿಹಿಡಿದು ನೋಡುವ ಪದ್ಧತಿ ನಮ್ಮಲ್ಲಿ ಇತ್ತೀಚಿನದು. ಅದಕ್ಕೂ ಅದರದೇ ಬೆಲೆ ಇದೆ. ಬೆಂಗಳೂರಿನ ರಂಗಶಂಕರದಲ್ಲಿ ಹೇಳಿದ ಹೊತ್ತಿಗೆ ನಾಟಕ ಶುರುವಾಗುತ್ತದೆ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಆ ಶಿಸ್ತಿಗೆ ನಾನು ಕೈಮುಗಿಯುತ್ತೇನೆ. ಎಲ್ಲ ಪ್ರದರ್ಶನಗಳನ್ನೂ ಬದಲಾಯಿಸಿ ಎಂದು ನಾನು ಹೇಳುತ್ತಿಲ್ಲ. ಹತ್ತು ಆಟ ಆಡುವ ತಂಡ ಅದರಲ್ಲಿ ಒಂದನ್ನು ಬಯಲಾಟದ ಬುದ್ಧಿಯಲ್ಲಿ ಆಡಲಿ, ಅಷ್ಟೆ.

ಮೂರು ತಿಂಗಳು ಮೊದಲು: ಅವರನ್ನೇ ಕೇಳಿ

ಸಭೆ ಕರೆದು ಕಾರ್ಯಕಾರಿ ಸಮಿತಿ ಮಾಡುವ ಮುಂಚೆ ಕಾಯಿಲೆ ಇರುವ ಇಬ್ಬರನ್ನು, ಅವರ ಮನೆಯವರನ್ನು ಹುಡುಕಿ. ತಾಲ್ಲೂಕು ಆಸ್ಪತ್ರೆಯ ವೈದ್ಯರು, ಆಶಾ ಕಾರ್ಯಕರ್ತೆಯರು, ಹತ್ತಿರದ ವೃದ್ಧಾಶ್ರಮದವರು ದಾರಿ ತೋರಿಸುತ್ತಾರೆ. ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ಡಿಮೆನ್ಶಿಯಾ ಇಂಡಿಯಾ ಅಲಯನ್ಸ್ ಇವೆ.

ಅವರನ್ನು ಸಭಾಭವನಕ್ಕೆ ಹಗಲು ಹೊತ್ತು ಒಂದು ಸಲ ಕರೆತನ್ನಿ. ಗೇಟಿನಿಂದ ಕುರ್ಚಿಯವರೆಗೆ, ಕುರ್ಚಿಯಿಂದ ಬಚ್ಚಲಿನವರೆಗೆ, ಅಲ್ಲಿಂದ ವಾಪಸ್ ನಡೆಯಲಿ. ನೀವು ಹಿಂದೆ ಸುಮ್ಮನೆ ನಡೆಯಿರಿ. ಎಲ್ಲಿ ನಿಂತರು, ಎಲ್ಲಿ ಕಾಲು ಎತ್ತಿ ಇಟ್ಟರು, ಎಲ್ಲಿ ಹಿಂದೆ ತಿರುಗಿ ನೋಡಿದರು, ಬರೆದುಕೊಳ್ಳಿ. ನಮ್ಮ ಭವನದ ಬಾಗಿಲಲ್ಲಿ ಕಡುಗೆಂಪು ಕಾರ್ಪೆಟ್ಟಿತ್ತು, ಮಧ್ಯೆ ಕಪ್ಪು ಪಟ್ಟಿ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಆ ಪಟ್ಟಿಯ ಹತ್ತಿರ ನಿಂತವರು ಮುಂದೆ ಹೆಜ್ಜೆ ಇಡಲೇ ಇಲ್ಲ. ಜೀವಮಾನವಿಡೀ ನಡೆದೇ ಊರೂರು ಸುತ್ತಿದವರು. ಅವರ ಹೆಂಡತಿ "ಏನೂ ಇಲ್ಲ, ಬನ್ನಿ" ಎಂದು ಕೈ ಎಳೆದಷ್ಟೂ ಅವರು ಹಿಂದಕ್ಕೆ ಸರಿದರು. ಕಾರ್ಪೆಟ್ ಸುತ್ತಿ ಪಕ್ಕಕ್ಕಿಟ್ಟೆವು. ಬರಿಯ ಸಿಮೆಂಟು ನೆಲ ಕಂಡಿತು. ನಡೆದುಕೊಂಡು ಒಳಗೆ ಹೋದರು. ಆ ಕಾರ್ಪೆಟ್ಟನ್ನು ನಾವು ಅತಿಥಿಗಳ ಗೌರವಕ್ಕೆಂದು ಹಾಸಿದ್ದೆವು.

ಹೊತ್ತು, ಜಾಗ, ಹೆಸರು

ಆಟ ಬೆಳಗ್ಗೆ 11ಕ್ಕೆ ಇಟ್ಟುಕೊಳ್ಳಿ. ಮಧ್ಯಾಹ್ನ 3 ಆದರೂ ಆದೀತು, ಆದರೆ 5ರೊಳಗೆ ಅವರು ಮನೆ ಸೇರಬೇಕು. ಒಟ್ಟು ಅವಧಿ ಒಂದು ಗಂಟೆಯಿಂದ ಒಂದೂಕಾಲು ಗಂಟೆ. ಅದಕ್ಕಿಂತ ಉದ್ದವಿದ್ದರೆ ನಡುವೆ ಅರ್ಧ ಗಂಟೆ ಬಿಡುವು ಕೊಡಿ. ಹತ್ತು ನಿಮಿಷದ ವಿರಾಮದಲ್ಲಿ ಒಬ್ಬರನ್ನು ಬಚ್ಚಲಿಗೆ ಕರೆದೊಯ್ದು ತರಲೂ ಆಗುವುದಿಲ್ಲ.

ಸಭಾಂಗಣ ಪೂರ್ತಿ ತುಂಬಿಸಬೇಡಿ. ನಾವು ಅರ್ಧದಷ್ಟೇ ಟಿಕೆಟ್ ಕೊಡುತ್ತೇವೆ. ಸಾಲುಗಳ ನಡುವೆ ಗಾಲಿಕುರ್ಚಿ ತಿರುಗುವಷ್ಟು ಜಾಗ ಬಿಡುತ್ತೇವೆ. ಕೈ ಇರುವ ಕುರ್ಚಿಗಳೇ ಆಗಬೇಕು, ಏಳುವಾಗ ಊರಲು ಬೇಕಾಗುತ್ತದೆ. ಮಗ್ಗುಲಿನ ಒಂದು ಕೋಣೆಯನ್ನು ಖಾಲಿ ಇಡಿ: ಎರಡು ಆರಾಮ ಕುರ್ಚಿ, ಕುಡಿಯುವ ನೀರು, ಕಿಟಕಿ. ಗದ್ದಲ ಹೆಚ್ಚಾಯಿತು ಅನ್ನಿಸಿದವರು ಅಲ್ಲಿ ಕೂತು ಮತ್ತೆ ಒಳಗೆ ಬರಬಹುದು. ಆ ಕೋಣೆಗೆ "ವಿಶ್ರಾಂತಿ" ಎಂದು ಬೋರ್ಡು ಹಾಕಿ, "ರೋಗಿಗಳ ಕೊಠಡಿ" ಎಂದಲ್ಲ.

ಬ್ಯಾನರಿನ ವಿಷಯದಲ್ಲೂ ಅದೇ ಎಚ್ಚರ. "ಮರೆವಿನ ರೋಗಿಗಳಿಗಾಗಿ ವಿಶೇಷ ಪ್ರದರ್ಶನ" ಎಂದು ದೊಡ್ಡದಾಗಿ ಬರೆಸಿದರೆ ಯಾರೂ ಬರುವುದಿಲ್ಲ, ಬರಲೂಬಾರದು. ನಾವು "ಸಾವಧಾನದ ಆಟ" ಎಂದು ಕರೆಯುತ್ತೇವೆ. ಕೆಳಗೆ ಸಣ್ಣದಾಗಿ: "ಮರೆವಿನ ತೊಂದರೆ ಇರುವವರೂ ಅವರ ಮನೆಯವರೂ ನೆಮ್ಮದಿಯಿಂದ ನೋಡಲು ಹೊಂದಿಸಿದ ಆಟ. ಎದ್ದು ಓಡಾಡಬಹುದು, ಮಾತಾಡಬಹುದು, ಹಾಡಬಹುದು. ಎಲ್ಲರೂ ಬನ್ನಿ." ಮಕ್ಕಳನ್ನು ಕರೆತರುವ ತಾಯಂದಿರೂ ಬಂದು ಕೂರುತ್ತಾರೆ. ಅದು ಒಳ್ಳೆಯದೇ ಆಯಿತು. ಮಗು ಅಳುವಲ್ಲಿ ಅಜ್ಜ ಮಾತಾಡಿದರೆ ಯಾರ ಕಣ್ಣೂ ತಿರುಗುವುದಿಲ್ಲ.

ಯಾವ ಕಥೆ?

ಮನುಷ್ಯನ ನೆನಪಿನಲ್ಲಿ ಗಟ್ಟಿಯಾಗಿ ಉಳಿಯುವುದು ಹೆಚ್ಚಾಗಿ 10ರಿಂದ 30ರ ಪ್ರಾಯದಲ್ಲಿ ಕಂಡದ್ದು, ಕೇಳಿದ್ದು. 78ರ ಆಸುಪಾಸಿನವರಿಗೆ ಅದು 1950ರ ದಶಕದ ಕೊನೆಯಿಂದ 1970ರ ದಶಕದ ಕೊನೆಯವರೆಗಿನ ಕಾಲ: ರೇಡಿಯೊ, ಟೆಂಟಿನ ಮೇಳ, ಜಾತ್ರೆಯಲ್ಲಿ ಬೀಡುಬಿಟ್ಟ ನಾಟಕ ಕಂಪನಿ, ಶಾಲೆಯ ಪ್ರಾರ್ಥನೆ, ಸೋಬಾನೆ. ಪ್ರಸಂಗವನ್ನೋ ಹಾಡನ್ನೋ ಆರಿಸುವಾಗ ಈ ಲೆಕ್ಕ ಹಾಕಿ. ನಿಮ್ಮ ಊರಿನ ಹಿರಿಯರ ಮನೆಮಾತು ಯಾವುದು ಎಂದೂ ನೋಡಿ. ಕಾಯಿಲೆ ಬಲಿತಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಬಹುದು, ಮನೆಯಲ್ಲಿ ಕಲಿತದ್ದು ಹೆಚ್ಚು ದಿನ ಉಳಿಯುತ್ತದೆ. ಬೆಂಗಳೂರಲ್ಲಿ ನಲವತ್ತು ವರ್ಷ ಇದ್ದ ಅಜ್ಜಿ ಈಗ ತುಳುವಿನಲ್ಲೋ ಕೊಂಕಣಿಯಲ್ಲೋ ಉರ್ದುವಿನಲ್ಲೋ ಮಾತ್ರ ಮಾತಾಡುತ್ತಿರಬಹುದು.

ಗೊತ್ತಿರುವ ಕಥೆ ಒಳ್ಳೆಯದು. ಮುಂದೇನಾಗುತ್ತದೆ ಎಂದು ಗೊತ್ತಿದ್ದರೆ ನಡುವೆ ಎಳೆ ಕಡಿದರೂ ಮತ್ತೆ ಹಿಡಿಯಬಹುದು. ಹಾಗೆಂದು ಮಕ್ಕಳ ನಾಟಕದ ಮಟ್ಟಕ್ಕೆ ಇಳಿಸಬೇಡಿ. ಎಪ್ಪತ್ತು ವರ್ಷ ಬಾಳಿದವರಿಗೆ ದುಃಖ, ಶೃಂಗಾರ, ಯುದ್ಧ, ಸಾವು ಎಲ್ಲ ಅರ್ಥವಾಗುತ್ತದೆ. ಅಭಿಮನ್ಯುವಿನ ಕಥೆ ಬೇಡ, ಅತ್ತುಬಿಟ್ಟಾರು ಎಂದು ನಮ್ಮಲ್ಲೊಬ್ಬರು ಹೇಳಿದ್ದರು. ಆಡಿದೆವು. ಕೆಲವರು ಅತ್ತರು. ಅಭಿಮನ್ಯು ಸತ್ತಾಗ ನಾವೆಲ್ಲ ಅಳುವುದಿಲ್ಲವೆ? ಅಳುವ ಹಕ್ಕನ್ನೂ ಅವರಿಂದ ಕಸಿದುಕೊಳ್ಳಬಾರದು.

ಕತ್ತರಿ ಹಾಕಬೇಕಾದ್ದು ಉಪಕಥೆಗಳಿಗೆ ಮತ್ತು ಉದ್ದುದ್ದ ವಾದಗಳಿಗೆ. ಅರ್ಥಗಾರಿಕೆಯಲ್ಲಿ, ಅಂದರೆ ವೇಷಧಾರಿ ಸ್ಥಳದಲ್ಲೇ ಕಟ್ಟಿ ಆಡುವ ಮಾತಿನಲ್ಲಿ, ಒಂದು ಮಾತಿಗೆ ಹತ್ತು ದೃಷ್ಟಾಂತ ಕೊಡುವ ಘಟಾನುಘಟಿಗಳು ಈ ಒಂದು ದಿನ ಎರಡಕ್ಕೆ ನಿಲ್ಲಿಸಲಿ. ಒಬ್ಬ ಕಲಾವಿದ ಎರಡು ಪಾತ್ರ ಮಾಡುವುದು ಬೇಡ, ಒಂದು ಪಾತ್ರಕ್ಕೆ ನಡುವೆ ವೇಷ ಬದಲಾಗುವುದೂ ಬೇಡ. ಪದ್ಯಗಳನ್ನು ಮಾತ್ರ ಕಡಿಮೆ ಮಾಡಬೇಡಿ. ಚೆನ್ನಾಗಿ ಕೂತ ಪದ್ಯವನ್ನು ಭಾಗವತರು ಎರಡನೆಯ ಸಲ ಎತ್ತಿಕೊಂಡರೆ ಮೊದಲ ಸಲ ಸುಮ್ಮನಿದ್ದ ತುಟಿಗಳು ಆಗ ಆಡತೊಡಗುತ್ತವೆ.

ಬೆಳಕು, ಸದ್ದು

ಸಭಾಂಗಣದ ದೀಪ ಪೂರ್ತಿ ಆರಿಸಲೇಬೇಡಿ. ಪಕ್ಕದಲ್ಲಿ ಕೂತ ಮಗಳ ಮುಖ ಕಾಣುವಷ್ಟು ಬೆಳಕು ಕೊನೆಯವರೆಗೂ ಇರಲಿ. ಮೆಟ್ಟಿಲ ಅಂಚಿಗೆ ಹಳದಿ ಪಟ್ಟಿ ಅಂಟಿಸಿ. ರಂಗದ ಮೇಲೂ ಫಕ್ಕನೆ ಕತ್ತಲು, ಮಿನುಗುವ ದೀಪ, ಹೊಗೆ ಬೇಡ. ಯಕ್ಷಗಾನದವರು ದೊಂದಿ ಹಿಡಿದು ಪ್ರೇಕ್ಷಕರ ನಡುವಿನಿಂದ ಬಣ್ಣದ ವೇಷ ತರುವುದನ್ನು, ರಾಳ ಎರಚಿ ಬೆಂಕಿ ಎಬ್ಬಿಸುವುದನ್ನು ಈ ಆಟದಲ್ಲಿ ಬಿಡಬೇಕು. ಲೆವಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾದಲ್ಲಿ ಬಹಳ ಜನರಿಗೆ ಇಲ್ಲದ್ದು ಕಣ್ಣಿಗೆ ಕಾಣುತ್ತದೆ. ಅಂಥವರ ಬೆನ್ನ ಹಿಂದಿನಿಂದ ರಾಕ್ಷಸ ಬಂದರೆ ಅದು ಆಟವಾಗಿ ಉಳಿಯುವುದಿಲ್ಲ.

ಚಂಡೆಯನ್ನು ಏನು ಮಾಡುವುದು ಎಂಬುದು ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಚಂಡೆ ಇಲ್ಲದೆ ಆಟವಿಲ್ಲ. ಬಯಲಿಗೆಂದು ಹುಟ್ಟಿದ ವಾದ್ಯ ಮುಚ್ಚಿದ ಭವನದಲ್ಲಿ ಎದೆಗೆ ಗುದ್ದುತ್ತದೆ ಎಂಬುದೂ ನಿಜ. ಕೊನೆಗೆ ಹೀಗೆ ಮಾಡಿದೆವು: ಚಂಡೆಗೆ ಮೈಕ್ ಇಲ್ಲ, ಚಂಡೆ ಇರುವ ಮಗ್ಗುಲಿನ ಮೊದಲ ನಾಲ್ಕು ಸಾಲು ಖಾಲಿ, ಆರಂಭದಲ್ಲಿ ಮದ್ದಳೆ ಮಾತ್ರ, ಹತ್ತು ನಿಮಿಷ ಕಳೆದ ಮೇಲೆ ಚಂಡೆ ಮೆತ್ತಗೆ ಸೇರುವುದು. ಚಂಡೆಯವರು ಮೊದಲು ಮುಖ ಸಿಂಡರಿಸಿದ್ದರು. ಆಟ ಮುಗಿದ ಮೇಲೆ ಅವರೇ ಬಂದು, ಸಣ್ಣದಾಗಿ ನುಡಿಸಿದಾಗ ಎದುರಿನವರ ಬೆರಳು ಆಡುವುದು ಕಂಡಿತು ಎಂದರು.

ಧ್ವನಿವರ್ಧಕ ಗುಂಯ್‌ಗುಡುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಹಿಂದಿನ ದಿನವೇ ಪರೀಕ್ಷೆ ಮಾಡಿ. ಆಟಕ್ಕೆ ಮುಂಚೆ ಹಾಕುವ ಗದ್ದಲದ ರೆಕಾರ್ಡ್ ಹಾಡು ಬೇಡ. ಅಧ್ಯಕ್ಷ ಭಾಷಣ, ಶಾಲು ಹಾರ, ನೆನಪಿನ ಕಾಣಿಕೆ ಯಾವುದೂ ಬೇಡ. ಅವರ ಗಮನದ ಅತ್ಯುತ್ತಮ ಅರ್ಧ ಗಂಟೆಯನ್ನು ಭಾಷಣಕ್ಕೆ ಕೊಡಬಾರದು.

ಕಲಾವಿದರ ಜೊತೆ ಒಂದು ಮಧ್ಯಾಹ್ನ

ಕಲಾವಿದರನ್ನು ಕೂರಿಸಿ ಮೊದಲೇ ಹೇಳಿ: ಎದುರಿನಿಂದ ಮಾತು ಬರುತ್ತದೆ. ಯಾರೋ ಎದ್ದು ರಂಗದ ಹತ್ತಿರ ಬರಬಹುದು. ಯಾರೋ ನಿಮಗಿಂತ ಮುಂಚೆ ಪದ್ಯದ ಮುಂದಿನ ಸಾಲು ಹೇಳಿಬಿಡಬಹುದು. ಸಿಟ್ಟಾಗಬೇಡಿ, ಪಾತ್ರ ಬಿಡಬೇಡಿ, ಕೇಳಿಸದ ಹಾಗೆ ಇರಲೂ ಬೇಡಿ. ಒಮ್ಮೆ ಕೃಷ್ಣನ ವೇಷ ರಂಗದಲ್ಲಿದ್ದಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು "ಊಟ ಆಯ್ತಾ ಮಗಾ?" ಎಂದು ಕೇಳಿದರು. ವೇಷಧಾರಿ ತಿರುಗಿ ಕೈಮುಗಿದು "ಆಯಿತು ತಾಯಿ, ಬೆಣ್ಣೆ ಒಂದು ಬಾಕಿ ಇದೆ" ಎಂದು ಹೇಳಿ ಕುಣಿತಕ್ಕೆ ಹೋದರು. ಯಾವ ತಾಲೀಮಿನಲ್ಲೂ ಕಲಿಸಿದ್ದಲ್ಲ ಅದು. ಹಾಸ್ಯಗಾರರಿಗಂತೂ ಇದು ನೀರು ಕುಡಿದಷ್ಟು ಸುಲಭ.

ಆಟ ಶುರುವಾಗುವ ಮೊದಲು ವೇಷಗಳೆಲ್ಲ ಒಂದು ಸಲ ರಂಗಕ್ಕೆ ಬಂದು ನಿಲ್ಲಲಿ. ಭಾಗವತರು ಪರಿಚಯ ಮಾಡಲಿ: "ಇವರು ಈಗ ರಾವಣ. ಜೋರಾಗಿ ಕೂಗುತ್ತಾರೆ, ಹೆದರಬೇಡಿ." ಇನ್ನೊಂದು ಉಪಾಯ ಚೌಕಿಯದು. ಅರ್ಧ ಗಂಟೆ ಮುಂಚೆ ಬಂದವರನ್ನು ಮೂರು ನಾಲ್ಕು ಜನರಂತೆ ಚೌಕಿಗೆ ಕರೆದೊಯ್ದು ಬಣ್ಣ ಬರೆಯುವುದನ್ನು ತೋರಿಸಿ. ಬರಿಮೈಯ ಮನುಷ್ಯ ಕಣ್ಣೆದುರೇ ರಾವಣನಾಗುವುದನ್ನು ಕಂಡವರಿಗೆ ಆಮೇಲೆ ಅವನ ಆರ್ಭಟ ಭಯ ತರುವುದಿಲ್ಲ. ಅಪ್ಪಯ್ಯ ಚೌಕಿಯಲ್ಲಿ ಮುಖಕ್ಕೆ ಹಚ್ಚುವ ಹಳದಿ ಬಣ್ಣ ಅರ್ದಾಳದ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ನನ್ನ ಹೆಸರು ಅವರಿಗೆ ಆ ದಿನ ಬಂದಿರಲಿಲ್ಲ. "ಇದಕ್ಕೆ ಎಣ್ಣೆ ಹೆಚ್ಚಾಯ್ತು" ಎಂದು ಬಣ್ಣ ಕಲಸುವ ಹುಡುಗನಿಗೆ ಹೇಳಿದರು. ನಿಜಕ್ಕೂ ಹೆಚ್ಚಾಗಿತ್ತು.

ಸ್ವಯಂಸೇವಕರು ಆಡುವ ಮಾತು

ಹತ್ತು ಮಂದಿ ಪ್ರೇಕ್ಷಕರಿಗೆ ಒಬ್ಬ ಸ್ವಯಂಸೇವಕ ಬೇಕು. ಪ್ರತಿ ಬಾಗಿಲಿಗೆ ಒಬ್ಬರು ಪ್ರತ್ಯೇಕ. ಅವರಿಗೆ ಒಂದು ಗಂಟೆಯ ತರಬೇತಿ ಸಾಕು, ಆದರೆ ಮಾತುಗಳನ್ನು ಬಾಯಲ್ಲಿ ಆಡಿಸಿ ಕಲಿಸಬೇಕು.

ಎದುರಿನಿಂದ ಬನ್ನಿ, ಹಿಂದಿನಿಂದ ಭುಜ ಮುಟ್ಟಬೇಡಿ. ಕುರ್ಚಿಯಲ್ಲಿ ಕೂತವರ ಜೊತೆ ಮಾತಾಡುವಾಗ ನೀವೂ ಕಣ್ಣಿನ ಮಟ್ಟಕ್ಕೆ ಕೂರಿ. ಒಂದು ಸಲಕ್ಕೆ ಒಂದೇ ಮಾತು: "ಅಮ್ಮಾ, ಬನ್ನಿ." ಆಮೇಲೆ "ಇಲ್ಲಿ ಕೂತ್ಕೊಳ್ಳಿ." ಉತ್ತರಕ್ಕೆ ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ. ಪಕ್ಕದಲ್ಲಿರುವ ಮಗನ ಮುಖ ನೋಡಿ "ಇವರಿಗೆ ಚಾ ಕೊಡಬಹುದಾ?" ಎಂದು ಕೇಳಬೇಡಿ, ಅವರನ್ನೇ ಕೇಳಿ.

"ನನ್ನ ಗುರ್ತು ಸಿಕ್ತಾ?" "ನಾನ್ಯಾರು ಹೇಳಿ ನೋಡಾಣ?" ಇವೆರಡನ್ನು ಬಾಯಿಂದ ತೆಗೆದುಹಾಕಿ. ನಮ್ಮಲ್ಲಿ ಪ್ರೀತಿಯಿಂದಲೇ ಕೇಳುವ ಪ್ರಶ್ನೆ ಇದು. ಉತ್ತರ ಬಾರದವರಿಗೆ ಅದು ನಾಲ್ಕು ಜನರೆದುರಿನ ಪರೀಕ್ಷೆ. ನೀವೇ ಹೇಳಿಬಿಡಿ: "ನಮಸ್ಕಾರ ಮಾಸ್ತರೇ, ನಾನು ಕೆಳಗಿನ ಮನೆಯ ಹುಡುಗಿ, ನಿಮ್ಮ ಶಾಲೆಯಲ್ಲೇ ಓದಿದ್ದು." ಯಾರಾದರೂ ಎದ್ದು "ದನ ಕಟ್ಟಬೇಕು, ಹೊತ್ತಾಯ್ತು" ಅಂದರೆ ದನವೂ ಇಲ್ಲ ಕೊಟ್ಟಿಗೆಯೂ ಇಲ್ಲ ಎಂದು ತಿದ್ದಬೇಡಿ. "ಎಷ್ಟು ದನ ಇದ್ದವು ಅಜ್ಜಾ?" ಎಂದು ಕೇಳುತ್ತಾ ಜೊತೆಗೆ ನಾಲ್ಕು ಹೆಜ್ಜೆ ನಡೆಯಿರಿ. ಒಂದು ಸುತ್ತು ನಡೆದರೆ ಬಹಳ ಸಲ ಅವರೇ ವಾಪಸ್ ಕುರ್ಚಿಗೆ ಬರುತ್ತಾರೆ.

ಫ್ರಂಟೊಟೆಂಪೊರಲ್ ಎಂಬ ಬಗೆಯ ಡಿಮೆನ್ಶಿಯಾ ಬಹಳ ಸಲ ಅರವತ್ತೈದಕ್ಕೂ ಮೊದಲೇ ಬರುತ್ತದೆ. ಅದರಲ್ಲಿ ಮರೆವಿಗಿಂತ ನಡತೆಯೋ ಮಾತೋ ಮೊದಲು ಬದಲಾಗುತ್ತದೆ. ಗಟ್ಟಿಮುಟ್ಟಾದ ಐವತ್ತೈದರ ಗಂಡಸು ಎಲ್ಲರೆದುರು ಅಂಗಿ ಬಿಚ್ಚಬಹುದು, ಪಕ್ಕದವರ ತಿಂಡಿ ಎತ್ತಿಕೊಳ್ಳಬಹುದು. ಕುಡಿದಿದ್ದಾರೆ ಎಂದು ಭಾವಿಸಿ ರಟ್ಟೆ ಹಿಡಿಯಬೇಡಿ ಎಂದು ಸ್ವಯಂಸೇವಕರಿಗೆ ಹೇಳಿಡಿ.

ಬಚ್ಚಲು

ಜನ ಆಟಕ್ಕೆ ಬರದಿರಲು ನಿಜವಾದ ಕಾರಣ ಕಥೆಯಲ್ಲ, ಚಂಡೆಯಲ್ಲ, ಇದು. ಮನೆಯವರು ಬಾಯಿಬಿಟ್ಟು ಹೇಳುವುದಿಲ್ಲ.

ತಾಯಿಯನ್ನು ಕರೆತಂದ ಮಗ, ಹೆಂಡತಿಯನ್ನು ಕರೆತಂದ ಗಂಡ ಹೆಂಗಸರ ಬಚ್ಚಲಿಗೆ ಹೇಗೆ ಹೋಗಬೇಕು? ಆದ್ದರಿಂದ ಒಂದು ಶೌಚಾಲಯವನ್ನು ಯಾರು ಯಾರ ಜೊತೆಗೂ ಹೋಗಬಹುದಾದದ್ದು ಎಂದು ಬೇರೆ ಇಡಿ, ಹೊರಗೆ ಒಬ್ಬ ಸ್ವಯಂಸೇವಕಿ ನಿಲ್ಲಲಿ. ಕೂರುವ ಕಮೋಡ್ ಇರಬೇಕು. ಬಿಳಿ ಗೋಡೆ, ಬಿಳಿ ಟೈಲ್ಸ್, ಬಿಳಿ ಕಮೋಡ್ ಇದ್ದರೆ ಎಲ್ಲಿ ಕೂರಬೇಕೆಂದು ತಿಳಿಯುವುದಿಲ್ಲ; ಕೆಂಪೋ ನೀಲಿಯೋ ಬಣ್ಣದ ಸೀಟು ಹಾಕಿಸಿ. ಒಳಗಿನ ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಕನ್ನಡಿಗೆ ಬಟ್ಟೆ ಮುಚ್ಚಿ. ಬಾಗಿಲ ಮೇಲೆ, ಎದೆಯ ಎತ್ತರಕ್ಕೆ, ಚಿತ್ರದ ಜೊತೆ ದಪ್ಪ ಅಕ್ಷರದಲ್ಲಿ "ಶೌಚಾಲಯ" ಎಂದು ಬರೆಯಿರಿ. ಗಂಡು ಹೆಣ್ಣಿನ ಮುಖದ ಬದಲು ಮೀಸೆ, ಬಳೆ ಬಿಡಿಸುವ ಚಮತ್ಕಾರ ಬೇಡ.

ಮತ್ತೊಂದನ್ನು ಎಲ್ಲರೂ ಮರೆಯುತ್ತಾರೆ, ನಾವೂ ಮೊದಲ ಸಲ ಮರೆತೆವು. ಬಚ್ಚಲಿನಿಂದ ಹೊರಬಂದಾಗ ಕಣ್ಣಿಗೆ ಬೀಳುವ ಹಾಗೆ "ಆಟ ನಡೆಯುವ ಜಾಗ" ಎಂದು ಬಾಣದ ಗುರುತು. ಹೋಗುವ ದಾರಿಗೆ ಬೋರ್ಡು ಇತ್ತು, ಬರುವ ದಾರಿಗೆ ಇರಲಿಲ್ಲ. ಒಬ್ಬ ತಾಯಿ ಅಡುಗೆಮನೆಗೆ ಹೋಗಿ ಕಾಯಿ ತುರಿಯಲು ಕೂತಿದ್ದರು. ಹುಡುಕಿದ ಆ ಏಳು ನಿಮಿಷ ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ಪ್ರತಿಯೊಬ್ಬರ ಜೇಬಿನಲ್ಲೋ ಸೆರಗಿನ ತುದಿಯಲ್ಲೋ ಮನೆಯವರ ಫೋನ್ ನಂಬರ್ ಬರೆದ ಚೀಟಿ ಇರುತ್ತದೆ, ರಸ್ತೆಯ ಕಡೆಯ ಗೇಟಿನಲ್ಲಿ ಆಟ ಮುಗಿಯುವವರೆಗೂ ಕದಲದ ಒಬ್ಬರು ಇರುತ್ತಾರೆ.

ಕರೆಯುವುದು

ವಾಟ್ಸ್ಯಾಪ್ ಪೋಸ್ಟರ್ ಮೇಲೆ ಭರವಸೆ ಇಡಬೇಡಿ. ಫೋನ್ ಮಾಡಿ, ಆದರೆ ಮನೆಗೇ ಹೋಗಿ. ಒಂದು ಹಾಳೆ ಕೊಟ್ಟು ಬನ್ನಿ: ಭವನದ ಎದುರಿನ ಫೋಟೊ, ಕೂರುವ ಜಾಗದ ಫೋಟೊ, ಬಾಗಿಲಲ್ಲಿ ನಿಲ್ಲುವ ಸ್ವಯಂಸೇವಕರ ಫೋಟೊ, ಕಥೆ ನಾಲ್ಕು ಸಾಲಿನಲ್ಲಿ. ಆಟದ ಮುಂಚಿನ ದಿನಗಳಲ್ಲಿ ಮನೆಯವರು ಅದನ್ನು ತೋರಿಸುತ್ತಾ ಇರಲಿ. ಜೊತೆಗೆ ಬರುವವರಿಗೆ ಟಿಕೆಟ್ ಬೇಡ. ಆ ದಿನ ಬೆಳಗ್ಗೆ ಅವರು "ನಾ ಬರಲ್ಲ" ಅಂದರೆ ದುಡ್ಡು ವಾಪಸ್ ಎಂದೂ ಹೇಳಿ. ಆರೈಕೆ ಮಾಡುವವರ ಎಷ್ಟೋ ಯೋಜನೆಗಳು ಹೀಗೇ ಬೆಳಗ್ಗೆ ಒಂಬತ್ತಕ್ಕೆ ಮುರಿದುಬೀಳುತ್ತವೆ.

ತಿಂಡಿಗೆ ಮೆತ್ತಗಿನದು ಮಾಡಿಸಿ: ಇಡ್ಲಿ, ಬಾಳೆಹಣ್ಣು, ಸಜ್ಜಿಗೆ. ನುಂಗಲು ಕಷ್ಟಪಡುವವರು ಇರುತ್ತಾರೆ, ಒಣ ಅವಲಕ್ಕಿ, ಚಕ್ಕುಲಿ, ಕಡಲೆ ಗಂಟಲಿಗೆ ಸಿಕ್ಕಿಕೊಂಡೀತು. ಚಾ ಹಿಡಿಕೆಯಿರುವ ಕಪ್ಪಿನಲ್ಲಿ, ಅರ್ಧ ಮಾತ್ರ, ಆರಿಸಿ. ಸಕ್ಕರೆ ಇಲ್ಲದ್ದೂ ಇರಲಿ.

ಫೋಟೊ ತೆಗೆಯುವ ಮೊದಲು ಅವರನ್ನೂ ಮನೆಯವರನ್ನೂ ಕೇಳಿ. ಬಾಯಿ ತೆರೆದು ನಕ್ಕ, ಅತ್ತ ಮುಖಗಳನ್ನು ಕೇಳದೆ ಫೇಸ್‌ಬುಕ್‌ಗೆ ಹಾಕುವುದು ಅವರ ಮನೆಯೊಳಗೆ ಇಣುಕಿದಂತೆ.

ಮಂಗಳ ಹಾಡಿದ ಮೇಲೆ

ದೀಪ ಎಲ್ಲ ಒಮ್ಮೆಗೇ ಹಾಕಬೇಡಿ, ಕುರ್ಚಿ ಎಳೆಯುವ ಸದ್ದು ಮಾಡಬೇಡಿ. ವೇಷಗಳು ಕೆಳಗಿಳಿದು ಬರಲಿ. ಕಿರೀಟ ಮುಟ್ಟಿ ನೋಡುವವರು, ಕೃಷ್ಣನ ಕೈ ಹಿಡಿದುಕೊಳ್ಳುವವರು, ಕಾಲಿಗೆ ನಮಸ್ಕಾರ ಮಾಡುವವರು ಇರುತ್ತಾರೆ. ಇದಕ್ಕೆ ಇಪ್ಪತ್ತು ನಿಮಿಷ ಇಡಿ. ಆಟೊಗಳನ್ನು ಮೊದಲೇ ಹೇಳಿ ನಿಲ್ಲಿಸಿಕೊಂಡಿರಿ, ಬಿಸಿಲಲ್ಲಿ ಕಾಯಿಸಬಾರದು.

"ಆಟ ಹೇಗಿತ್ತು? ಯಾವ ಪ್ರಸಂಗ?" ಎಂದು ಕೇಳಬೇಡಿ. "ಚಂಡೆ ಚೆನ್ನಾಗಿತ್ತು ಅಲ್ವಾ?" ಅಂದರೆ ಹೂಂ ಅನ್ನಬಹುದು, ನಗಬಹುದು. ಎರಡು ದಿನ ಬಿಟ್ಟು ಮನೆಯವರಿಗೆ ಫೋನ್ ಮಾಡಿ ಮೂರೇ ವಿಷಯ ಕೇಳಿ: ಅಂದು ರಾತ್ರಿ ನಿದ್ದೆ ಹೇಗಿತ್ತು, ಆಟದ ನಡುವೆ ಯಾವಾಗ ಹೆದರಿದರು, ನಿಮಗೆ ಸ್ವಲ್ಪ ಆರಾಮ ಸಿಕ್ಕಿತೆ. ಮೂರನೆಯ ಪ್ರಶ್ನೆಗೆ ಫೋನಿನಲ್ಲೇ ಅತ್ತವರಿದ್ದಾರೆ. ಹಗಲು ರಾತ್ರಿ ನೋಡಿಕೊಳ್ಳುವ ಸೊಸೆಯನ್ನು, ಮಗಳನ್ನು ಯಾರೂ ಹಾಗೆ ಕೇಳಿರುವುದಿಲ್ಲ.

ಇಂಥ ಆಟ ಊರಲ್ಲಿ ಇಲ್ಲದಿದ್ದರೆ

ಮನೆಯವರಿಗೆ ಕೊನೆಯದಾಗಿ ನಾಲ್ಕು ಮಾತು. ಸಾಮಾನ್ಯ ಪ್ರದರ್ಶನಕ್ಕೇ ಹೋಗುವುದಾದರೆ ಬಯಲಿನದ್ದನ್ನು ಆರಿಸಿ: ರಥೋತ್ಸವದ ಆಟ, ರಾಮನವಮಿಯ ಪೆಂಡಾಲಿನ ಸಂಗೀತ, ದೇವಸ್ಥಾನದ ಹರಿಕಥೆ. ಭವನವಾದರೆ ಹಿಂದಿನ ಸಾಲಿನ ತುದಿಯ ಕುರ್ಚಿ, ಬಾಗಿಲ ಹತ್ತಿರ. ಬಾಗಿಲಲ್ಲಿ ನಿಂತವರಿಗೆ ಮೊದಲೇ ಒಂದು ಮಾತು ಹೇಳಿಡಿ. ಎಡಬಲದಲ್ಲಿ ಕೂತವರಿಗೂ "ನಮ್ಮಪ್ಪನಿಗೆ ಮರೆವಿದೆ, ನಡುವೆ ಮಾತಾಡಿಯಾರು" ಎಂದು ಹೇಳಿ. ಹೇಳಿದ ಮೇಲೆ ಮುಖ ಗಂಟಿಕ್ಕಿದವರನ್ನು ನಾನು ಕಂಡಿಲ್ಲ. ಚೀಲದಲ್ಲಿ ನೀರು, ಒಂದು ಜೊತೆ ಬಟ್ಟೆ, ಶಾಲು, ಹೊತ್ತಿನ ಮಾತ್ರೆ ಇರಲಿ. ಪೂರ್ತಿ ನೋಡಲೇಬೇಕೆಂಬ ಹಟ ಬೇಡ, ಇಪ್ಪತ್ತು ನಿಮಿಷ ನೋಡಿ ಎದ್ದು ಬಂದರೂ ನೋಡಿದ್ದೇ. ಹೊರಡಲೂ ಆಗದ ಸ್ಥಿತಿಯಿದ್ದರೆ ಮನೆಯ ಜಗಲಿಗೆ ಒಬ್ಬ ಭಾಗವತರನ್ನೋ, ಭಜನೆಯ ನಾಲ್ವರನ್ನೋ ಕರೆಯಿರಿ, ಹಳ್ಳಿಯಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಆರೈಕೆಯಲ್ಲಿ ದಾರಿ ತೋಚದಿದ್ದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಅಪ್ಪಯ್ಯ ಕೊನೆಯ ವರ್ಷ ಹೊರಗೆ ಹೋಗಲಿಲ್ಲ. ತಂಡದ ಮದ್ದಳೆಯವರು ಭಾನುವಾರ ಬೆಳಗ್ಗೆ ಬಂದು ಹಾಸಿಗೆಯ ಪಕ್ಕ ಕೂತು ಕಾಲು ಗಂಟೆ ನುಡಿಸಿ ಹೋಗುತ್ತಿದ್ದರು. ಹೊದಿಕೆಯ ಮೇಲೆ ಬಲಗೈಯ ಎರಡು ಬೆರಳು ಆಡುತ್ತಿದ್ದವು.